ಮಲೆನಾಡಿನ ಮೀಟರ್‌ಗೇಜ್: ಕ್ಯಾಮೆರಾ ಕಂಡಿದ್ದು, ಕಾಣದೆ ಹೋಗಿದ್ದು

ಶಿವಮೊಗ್ಗದಲ್ಲಿ ತಾಳಗುಪ್ಪದ ರೈಲು ಹತ್ತಿದರೆ ಕುಂಸಿ ಆದ ಮೇಲೆ ಅರಸಾಳು ಸಿಗುತ್ತದೆ. ಹೊಸನಗರ ತಾಲ್ಲೂಕು, ರಿಪ್ಪನ್‌ಪೇಟೆಗೆ ಹತ್ತಿರ. ಈ ಸಣ್ಣ ಊರಿನಲ್ಲಿ ರೈಲ್ವೆಯ ಎರಡು ಕಟ್ಟಡಗಳಿವೆ. ಒಂದು ಈಗಿನ ನಿಲ್ದಾಣ. ಇನ್ನೊಂದು ಹಳೆಯದು, ಹೆಂಚಿನ ಮಾಡಿನದು. ಅದೇ 'ಮಾಲ್ಗುಡಿ ಮ್ಯೂಸಿಯಂ'. ಬೆಂಗಳೂರಿನಿಂದ ಬಂದವರು ಅದರ ಮುಂದೆ ನಿಂತು ಫೋಟೊ ತೆಗೆಸಿಕೊಳ್ಳುತ್ತಾರೆ. ಬೋಗಿಯಲ್ಲೇ ಮಾಡಿರುವ 'ಮಾಲ್ಗುಡಿ ಚಾಯ್' ಅಂಗಡಿಯಲ್ಲಿ ಚಹಾ ಕುಡಿಯುತ್ತಾರೆ. ಮಾಲ್ಗುಡಿ ಅನ್ನುವ ಊರು ಯಾವ ನಕ್ಷೆಯಲ್ಲೂ ಇಲ್ಲ. ಆರ್.ಕೆ. ನಾರಾಯಣ್ 1935ರಲ್ಲಿ ಬಂದ ತಮ್ಮ ಮೊದಲ ಕಾದಂಬರಿಗೆ ಕಟ್ಟಿಕೊಂಡ ಊರು ಅದು. ಇಲ್ಲದ ಊರಿನ ಹೆಸರಿನಲ್ಲಿ ಇರುವ ಊರಿನ ನಿಲ್ದಾಣ ಉಳಿದುಕೊಂಡಿದೆ.

ಇದು ಹೇಗಾಯಿತು ಎಂದು ಕೇಳಿಕೊಂಡು ಹೊರಟ ನಮಗೆ ಮಲೆನಾಡಿನ ಹಳೇ ರೈಲುಗಳ ಕಥೆಯೇ ಸಿಕ್ಕಿತು. ಅದನ್ನು ಇಲ್ಲಿ ಬರೆಯುತ್ತಿದ್ದೇವೆ. ಇದರಲ್ಲಿ ಅರ್ಧ ಹಳಿಯ ಇತಿಹಾಸ, ಇನ್ನರ್ಧ ಆ ಹಳಿಯನ್ನು ಯಾರು ಚಿತ್ರ ತೆಗೆದರು, ಯಾರು ತೆಗೆಯಲಿಲ್ಲ ಎನ್ನುವುದರ ಇತಿಹಾಸ.

ಬೀರೂರಿನಿಂದ ಶಿವಮೊಗ್ಗಕ್ಕೆ ರೈಲು ಬಂದದ್ದು 1899ರಲ್ಲಿ. ಅಲ್ಲಿಂದ ಮುಂದೆ ಕಾಡಿನೊಳಗೆ ಹೋಗಲು ಹಲವು ದಶಕ ಹಿಡಿಯಿತು. ಮೈಸೂರು ಸಂಸ್ಥಾನ ತುಂಡು ತುಂಡಾಗಿ ಹಳಿ ಹಾಕಿಕೊಂಡು ಹೋಗಿ, 1940ರ ಹೊತ್ತಿಗೆ ತಾಳಗುಪ್ಪ ಮುಟ್ಟಿತು. ಶಿವಮೊಗ್ಗದಿಂದ ನೂರು ಕಿಲೋಮೀಟರ್‌ಗೆ ತುಸು ಕಡಿಮೆ. ಎರಡು ಹಳಿಗಳ ನಡುವೆ ಒಂದೇ ಮೀಟರ್ ಅಂತರ, ಅದಕ್ಕೇ ಮೀಟರ್‌ಗೇಜ್. ಈಗಿನ ಬ್ರಾಡ್‌ಗೇಜ್‌ನಲ್ಲಿ ಆ ಅಂತರ 1.676 ಮೀಟರ್. ಹಳಿ ಸಣ್ಣದಾದರೆ ತಿರುವು ಬಿಗಿಯಾಗಿ ತೆಗೆದುಕೊಳ್ಳಬಹುದು, ಗುಡ್ಡ ಕಡಿಯುವುದು ಕಮ್ಮಿ, ಸೇತುವೆ ಸಣ್ಣದು, ಖರ್ಚೂ ಕಮ್ಮಿ. ಮಲೆನಾಡಿಗೆ ಅದು ಸರಿಯಾಗಿ ಹೊಂದಿಕೊಂಡಿತ್ತು.

ತಾಳಗುಪ್ಪದಿಂದ ಜೋಗಕ್ಕೆ ಹೆಚ್ಚು ದೂರವಿಲ್ಲ. ಶರಾವತಿಯ ನೀರಿನಿಂದ ಕರೆಂಟು ತೆಗೆಯುವ ದೊಡ್ಡ ಕೆಲಸ ಅಲ್ಲಿ ನಡೆದದ್ದೂ ಅದೇ ಕಾಲದಲ್ಲಿ. ಮಹಾತ್ಮ ಗಾಂಧಿ ಜಲವಿದ್ಯುತ್ ಕೇಂದ್ರ 1948ರಲ್ಲಿ ಶುರುವಾಯಿತು. ಆಮೇಲೆ 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಬಂತು, ಶರಾವತಿ ಕಣಿವೆಯ ಊರುಗಳು ಮುಳುಗಿದವು. ಕರೆಂಟು ದೂರದ ಪೇಟೆಗಳಿಗೆ ಹೋಯಿತು, ಮುಳುಗಿದವರು ಸೀಮೆಎಣ್ಣೆ ಬುಡ್ಡಿಯಲ್ಲೇ ಉಳಿದರು. ದೀಪದ ಬುಡದಲ್ಲಿ ಕತ್ತಲೆ ಎನ್ನುವ ಮಾತಿಗೆ ಇದಕ್ಕಿಂತ ನೇರವಾದ ಉದಾಹರಣೆ ನಮ್ಮ ಜಿಲ್ಲೆಯಲ್ಲಿ ಇನ್ನೊಂದಿಲ್ಲ. ಆ ಮುಳುಗಡೆಗಾದರೂ ಸಾಗರದ ನಾ. ಡಿಸೋಜ ಇದ್ದರು, ಅವರ ಕಾದಂಬರಿಯಿಂದ ಗಿರೀಶ್ ಕಾಸರವಳ್ಳಿ 2002ರಲ್ಲಿ 'ದ್ವೀಪ' ಸಿನಿಮಾ ಮಾಡಿದರು. ರೈಲಿಗೆ ಅಂಥವರು ಸಿಕ್ಕಿದ್ದು ಆಕಸ್ಮಿಕವಾಗಿ.

ಆ ಆಕಸ್ಮಿಕದ ಹೆಸರು ಶಂಕರ್ ನಾಗ್. 1980ರ ದಶಕದ ನಡುವಿನಲ್ಲಿ ದೂರದರ್ಶನಕ್ಕೆ 'ಮಾಲ್ಗುಡಿ ಡೇಸ್' ಧಾರಾವಾಹಿ ಮಾಡಲು ಹೊರಟಾಗ ಅವರಿಗೆ ಒಂದು ಹಳೇ ಕಾಲದ ಊರು ಬೇಕಿತ್ತು. ಆಗುಂಬೆ ಸಿಕ್ಕಿತು, ಅಲ್ಲಿನ ದೊಡ್ಡಮನೆ ಸಿಕ್ಕಿತು. ಆದರೆ ಆಗುಂಬೆಗೆ ರೈಲಿಲ್ಲ, ಮಾಲ್ಗುಡಿಯಲ್ಲಿ ರೈಲಿಲ್ಲದೆ ಆಗುವುದಿಲ್ಲ. ಕಾದಂಬರಿಯ ಕೊನೆಗೆ ಸ್ವಾಮಿ ಗೆಳೆಯ ರಾಜಂನನ್ನು ಬೀಳ್ಕೊಡಲು ಪುಸ್ತಕ ಹಿಡಿದು ಓಡುವುದು ನಿಲ್ದಾಣಕ್ಕೇ. ಅರಸಾಳು ಹೀಗೆ ಮಾಲ್ಗುಡಿ ಆಯಿತು. ಮಾಸ್ಟರ್ ಮಂಜುನಾಥ್ ಸ್ವಾಮಿ, ಗಿರೀಶ್ ಕಾರ್ನಾಡ್ ಅಪ್ಪ. ಕಲಾ ನಿರ್ದೇಶಕರು ಜಾನ್ ದೇವರಾಜ್. ದೇಶವೆಲ್ಲ ನೋಡಿತು. ಎಲ್. ವೈದ್ಯನಾಥನ್ ಮಾಡಿದ ಆ ರಾಗ ಇವತ್ತಿಗೂ ಯಾರದಾದರೂ ಫೋನಿನ ರಿಂಗ್‌ಟೋನ್ ಆಗಿ ಬಸ್ಸಿನಲ್ಲಿ ಕೇಳುತ್ತದೆ.

ಶಂಕರ್ ನಾಗ್ ರೈಲಿನ ದಾಖಲೆ ಮಾಡಲು ಬಂದವರಲ್ಲ, ಕಥೆ ಹೇಳಲು ಬಂದವರು. ಆದರೂ ಅವರ ಕ್ಯಾಮೆರಾದಲ್ಲಿ ಮೀಟರ್‌ಗೇಜ್ ಕಾಲದ ಒಂದು ಮಲೆನಾಡಿನ ನಿಲ್ದಾಣ ಬಂದು ಕೂತಿತು. 1990ರ ಸೆಪ್ಟೆಂಬರ್ 30ರಂದು ಅವರು ದಾವಣಗೆರೆ ಹತ್ತಿರ ರಸ್ತೆ ಅಪಘಾತದಲ್ಲಿ ತೀರಿಕೊಂಡರು. ಎರಡು ವರ್ಷದಲ್ಲಿ, 1992ರಲ್ಲಿ, ರೈಲ್ವೆಯು ದೇಶದಲ್ಲಿ ಒಂದೇ ಅಳತೆಯ ಹಳಿ ಇರಬೇಕು ಎಂಬ ಯುನಿಗೇಜ್ ಯೋಜನೆ ಘೋಷಿಸಿತು. ಮೀಟರ್‌ಗೇಜ್‌ನ ಕೊನೆಗಾಲ ಅಲ್ಲಿಂದ ಶುರು.

ಆ ನಿರ್ಧಾರವನ್ನು ನಾವು ಬೈಯುವುದಿಲ್ಲ. ಹಳೇ ರೈಲಿನ ಬಗ್ಗೆ ಬರೆಯುವವರು ಎಲ್ಲ ಚೆನ್ನಾಗಿತ್ತು ಎಂಬಂತೆ ಬರೆಯುತ್ತಾರೆ, ಅದು ಸರಿಯಲ್ಲ. ಗೇಜ್ ಬದಲಾಗುವ ಜಂಕ್ಷನ್‌ನಲ್ಲಿ ಪ್ರತಿ ಮೂಟೆಯನ್ನೂ ಒಂದು ವ್ಯಾಗನ್‌ನಿಂದ ಇಳಿಸಿ ಇನ್ನೊಂದಕ್ಕೆ ಹೇರಬೇಕಿತ್ತು. ಹಮಾಲರ ಬೆನ್ನು ಮುರಿಯುತ್ತಿತ್ತು, ಮಾಲು ಹಾಳಾಗುತ್ತಿತ್ತು, ದಿನಗಟ್ಟಲೆ ತಡ. ಈಗ ತಾಳಗುಪ್ಪದಲ್ಲಿ ರಾತ್ರಿ ರೈಲು ಹತ್ತಿದ ಹುಡುಗಿ ಬೆಳಿಗ್ಗೆ ಬೆಂಗಳೂರಿನಲ್ಲಿ ಸಂದರ್ಶನಕ್ಕೆ ಇಳಿಯುತ್ತಾಳೆ. ಆದರೆ ಬ್ರಾಡ್‌ಗೇಜ್ ಬರುವ ತನಕ ಸಾಗರ, ತಾಳಗುಪ್ಪದವರು ಬಹಳ ಕಾದರು. ಶಿವಮೊಗ್ಗದಾಚೆ ಹಳೇ ಹಳಿಯಲ್ಲಿ ಕೆಲವು ವರ್ಷ ರೈಲ್‌ಬಸ್ ಓಡಿತು. ಹೆಸರೇ ಹೇಳುವಂತೆ ಬಸ್ಸಿನಂಥ ಮೈಗೆ ರೈಲಿನ ಚಕ್ರ. ಹಾಲಿನ ಕ್ಯಾನು, ಬಾಳೆಗೊನೆ, ಕಾಲೇಜು ಹುಡುಗರು ಎಲ್ಲ ಒಟ್ಟಿಗೆ ಹೋಗುತ್ತಿದ್ದ ಆ ಗಾಡಿಯನ್ನು ನೆನೆಸಿಕೊಂಡು ಸಾಗರದ ಕಡೆಯವರು ಈಗಲೂ ನಗುತ್ತಾರೆ. ಆಮೇಲೆ ಅದೂ ನಿಂತಿತು. ದೊಡ್ಡ ಹಳಿ ಬಂದು ತಾಳಗುಪ್ಪವರೆಗೆ ರೈಲು ಮತ್ತೆ ಓಡುವ ಹೊತ್ತಿಗೆ 2010 ದಾಟಿತ್ತು.

ಹಳಿ ಬದಲಾದ ಮೇಲೆ ಹಳೇ ನಿಲ್ದಾಣಗಳು ಯಾರಿಗೂ ಬೇಡವಾದವು. ಅರಸಾಳಿನ ಕಟ್ಟಡವೂ ಪಾಳು ಬಿದ್ದಿತ್ತು. ಅದನ್ನು ಎತ್ತಿ ನಿಲ್ಲಿಸಿದ್ದು ಧಾರಾವಾಹಿಯ ನೆನಪು. ಜಾನ್ ದೇವರಾಜ್ ಅವರೇ ಮತ್ತೆ ಬಂದು ಕೆಲಸ ಮಾಡಿದರು, 2020ರಲ್ಲಿ ಮ್ಯೂಸಿಯಂ ತೆರೆಯಿತು. ಸುಮಾರು ಮೂವತ್ತೈದು ವರ್ಷದ ಹಿಂದೆ ತಾವು ಮಾಲ್ಗುಡಿ ಮಾಡಿದ ಕಟ್ಟಡವನ್ನು ಅದೇ ಕಲಾವಿದ ಎರಡನೇ ಸಲ ಮಾಲ್ಗುಡಿ ಮಾಡಿದ್ದು. ನಮಗೆ ಇದು ಸಂತೋಷದ ವಿಷಯವೇ.

ಆದರೆ ಅದೇ ಹಳಿಯಲ್ಲಿ ಮುಂದೆ ಸಾಗರಕ್ಕೆ ಹೋಗಿ. 1951ರಲ್ಲಿ ಪಕ್ಕದ ಕಾಗೋಡಿನಲ್ಲಿ ಗೇಣಿದಾರರು ಸತ್ಯಾಗ್ರಹ ಹೂಡಿದ್ದರು. ಗೇಣಿ ಅಳೆಯುವ ಕೊಳಗದ ಗಾತ್ರದ ಜಗಳದಿಂದ ಹುಟ್ಟಿ, ಕರ್ನಾಟಕದ ರೈತರ ಇತಿಹಾಸವನ್ನೇ ತಿರುಗಿಸಿದ ಹೋರಾಟ. ಅದಕ್ಕೆ ಬೆಂಬಲ ಕೊಡಲು ಬಂದ ರಾಮಮನೋಹರ ಲೋಹಿಯಾ ಅವರನ್ನು ಪೊಲೀಸರು ಬಂಧಿಸಿದ್ದು ಸಾಗರದ ರೈಲು ನಿಲ್ದಾಣದಲ್ಲಿ. ನಿಜವಾಗಿ ನಡೆದ ಘಟನೆ, ನಿಜವಾದ ನಿಲ್ದಾಣ. ಆದರೂ ಅಲ್ಲಿಗೆ ಪ್ರವಾಸಿಗರನ್ನು ಎಳೆದು ತರುವ ಧಾರಾವಾಹಿ ಇಲ್ಲ. ಲೋಹಿಯಾ ಹೆಸರು ಹೇಳಿದರೆ ಸಾಗರದ ಹಿರಿಯರು ನಿಲ್ದಾಣದ ಕಡೆ ಕೈ ತೋರಿಸುತ್ತಾರೆ. ಅವರ ಮೊಮ್ಮಕ್ಕಳಿಗೆ ಅರಸಾಳಿನ ಸೆಲ್ಫಿ ಪಾಯಿಂಟ್ ಗೊತ್ತು. ತಪ್ಪು ಮಕ್ಕಳದಲ್ಲ.

ಇನ್ನು ಸಕಲೇಶಪುರದ ಘಾಟಿ. ಇದು ಅಸಲಿ ಬೆಟ್ಟದ ರೈಲು. ಹಾಸನ–ಮಂಗಳೂರು ಮೀಟರ್‌ಗೇಜ್ ಮಾರ್ಗ ಪೂರ್ತಿಯಾದದ್ದು 1979ರಲ್ಲಿ. ಸಕಲೇಶಪುರದಿಂದ ಸುಬ್ರಹ್ಮಣ್ಯ ರೋಡಿನವರೆಗಿನ ಸುಮಾರು 55 ಕಿಲೋಮೀಟರ್‌ನಲ್ಲಿ 57 ಸುರಂಗ, ನೂರಕ್ಕೂ ಹೆಚ್ಚು ಸೇತುವೆ. ಪ್ರತಿ 50 ಅಡಿಗೆ ಒಂದು ಅಡಿ ಇಳಿಜಾರು. ದೋಣಿಗಲ್, ಕಡಗರವಳ್ಳಿ, ಎಡಕುಮೇರಿ, ಶಿರಿಬಾಗಿಲು. ಈ ನಿಲ್ದಾಣಗಳ ಸುತ್ತ ಕಾಡು ಬಿಟ್ಟರೆ ಹೆಚ್ಚೇನಿಲ್ಲ. ಇಷ್ಟು ಕಷ್ಟಪಟ್ಟು ಕೊರೆದ ಮಾರ್ಗದಲ್ಲಿ ಮೀಟರ್‌ಗೇಜ್ ಓಡಿದ್ದು ಹದಿನೇಳು ವರ್ಷ ಮಾತ್ರ. 1996ರಲ್ಲಿ ಗೇಜ್ ಬದಲಿಸಲು ನಿಲ್ಲಿಸಿದರು. ಮತ್ತೆ ಗೂಡ್ಸ್ ಓಡಿದ್ದು 2006ರಲ್ಲಿ, ಪ್ರಯಾಣಿಕರ ರೈಲು 2007ರ ಡಿಸೆಂಬರ್‌ನಲ್ಲಿ. ನಡುವಿನ ಹತ್ತು ವರ್ಷ ಹಳಿ ಖಾಲಿ. ಚಾರಣಿಗರು 'ಗ್ರೀನ್ ರೂಟ್' ಎಂದು ಹೆಸರಿಟ್ಟು ಸುರಂಗಗಳೊಳಗೆ ನಡೆದರು, ಫೋಟೊ ತೆಗೆದರು. ಹಾಗಾಗಿ ಒಂದು ವಿಚಿತ್ರ ನೋಡಿ: ರೈಲಿಲ್ಲದ ಹಳಿಯ ಚಿತ್ರ ಬೇಕಾದಷ್ಟಿವೆ, ಈಗಿನ ದೊಡ್ಡ ರೈಲಿನ ವಿಡಿಯೊ ಲೆಕ್ಕವಿಲ್ಲದಷ್ಟಿವೆ. ಆ ಹದಿನೇಳು ವರ್ಷದ ಸಣ್ಣ ರೈಲಿನ ಚಿತ್ರ ಹುಡುಕಿದರೆ ಕೈಬೆರಳಲ್ಲಿ ಎಣಿಸುವಷ್ಟು ಸಿಕ್ಕರೆ ಪುಣ್ಯ. ಆಗ ಊರಿನಲ್ಲಿ ಕ್ಯಾಮೆರಾ ಇದ್ದದ್ದು ಸ್ಟುಡಿಯೊದವನ ಹತ್ತಿರ, ಅವನನ್ನು ಕರೆಯುತ್ತಿದ್ದದ್ದು ಮದುವೆಗೆ. ರೈಲಿಗೆ ಯಾರು ರೋಲ್ ಖರ್ಚು ಮಾಡುತ್ತಾರೆ?

ಅದಕ್ಕೂ ಹಿಂದಿನದು ತರೀಕೆರೆ–ನರಸಿಂಹರಾಜಪುರದ ಟ್ರಾಮ್. ಎರಡೇ ಅಡಿ ಅಗಲದ ಹಳಿ, ಸಂಸ್ಥಾನದ ಕಾಲದ್ದು. ಲಕ್ಕವಳ್ಳಿ ಕಾಡಿನ ಕಡೆಯಿಂದ ಹಾದುಹೋಗುತ್ತಿತ್ತು. ಮೀಟರ್‌ಗೇಜ್ ಹೋಗುವುದಕ್ಕೆ ಎಷ್ಟೋ ದಶಕ ಮೊದಲೇ ಅದು ಹೋಯಿತು. ಭದ್ರಾ ಅಣೆಕಟ್ಟೆಯ ಹಿನ್ನೀರೂ ಬಂದ ಮೇಲೆ ಆ ಸೀಮೆಯ ಗುರುತೇ ಬದಲಾಯಿತು. ಅದರಲ್ಲಿ ಕೂತು ಹೋದವರು ಇಂದು ನಮಗೆ ಸಿಗುವುದಿಲ್ಲ, 'ನಮ್ಮಜ್ಜ ಹೋಗಿದ್ದರಂತೆ' ಎನ್ನುವವರು ಸಿಗುತ್ತಾರೆ.

ಕೆಲವರು ಹೇಳುವುದುಂಟು, ಡಾರ್ಜಿಲಿಂಗ್, ಊಟಿ, ಶಿಮ್ಲಾದ ರೈಲು ಉಳಿದಿಲ್ಲವೇ, ನಮ್ಮದೇಕೆ ಉಳಿಯಲಿಲ್ಲ ಎಂದು. ಆ ಮೂರೂ ಯುನೆಸ್ಕೊ ಪಟ್ಟಿಯಲ್ಲಿವೆ: ಡಾರ್ಜಿಲಿಂಗ್ 1999, ನೀಲಗಿರಿ 2005, ಶಿಮ್ಲಾ 2008. 'ಆರಾಧನಾ'ದಿಂದ 'ದಿಲ್ ಸೇ'ವರೆಗೆ ಹಿಂದಿ ಸಿನಿಮಾದ ನಾಯಕರು ಅಲ್ಲಿ ಹಾಡಿದ್ದಾರೆ, ಬಿಬಿಸಿ 2010ರಲ್ಲಿ ಸಾಕ್ಷ್ಯಚಿತ್ರ ಮಾಡಿತು. ಆದರೆ ಅವು ದೊರೆಗಳು ತಂಪು ಹುಡುಕಿಕೊಂಡು ಹೋದ ಊರುಗಳ ರೈಲು, ಈಗ ಪ್ರವಾಸಿಗರ ರೈಲು. ನಮ್ಮದು ಸೊಪ್ಪು, ಅಡಿಕೆ, ಮರ, ಜೋಗದ ಕೆಲಸಗಾರರ ರೈಲು. ಕೆಲಸದ ಎತ್ತನ್ನು ಯಾರೂ ಸಿಂಗರಿಸಿ ಕಟ್ಟಿ ಇಟ್ಟುಕೊಳ್ಳುವುದಿಲ್ಲ. ಹಾಗಾಗಿ ಅದು ಉಳಿಯಬೇಕಿತ್ತು ಎಂದು ನಾವು ವಾದಿಸುವುದಿಲ್ಲ. ನಮ್ಮ ಸಂಕಟ ಬೇರೆ: ಚಿತ್ರಕ್ಕೆ ಸಿಕ್ಕಿದ್ದರಲ್ಲೂ ಹಳಿ ಕಾದವರು ಇಲ್ಲ.

ಮಳೆಗಾಲದ ಕೆಲಸವನ್ನೇ ನೋಡಿ. ಮಲೆನಾಡಿನಲ್ಲಿ ಜಡಿಮಳೆ ಹಿಡಿದರೆ ರಾತ್ರಿಯಿಡೀ ಗ್ಯಾಂಗ್‌ಮನ್‌ಗಳು ಹಳಿ ಮೇಲೆ ಗಸ್ತು ನಡೆಯಬೇಕು. ಕೈಯಲ್ಲಿ ಕೆಂಪು–ಹಸಿರು ತೋರಿಸುವ ಲಾಟೀನು, ಹೆಗಲ ಚೀಲದಲ್ಲಿ ಪಟಾಕಿ. ಅದು ಹಬ್ಬದ ಪಟಾಕಿಯಲ್ಲ. ದರೆ ಕುಸಿದೋ ಮರ ಬಿದ್ದೋ ಹಳಿ ಮುಚ್ಚಿದ್ದರೆ ಅದರಿಂದ ಬಹಳ ಹಿಂದಕ್ಕೆ ಓಡಿಹೋಗಿ ಹಳಿಗೆ ಕಟ್ಟಬೇಕು. ಎಂಜಿನ್ ಚಕ್ರ ಹತ್ತಿದ ಕೂಡಲೇ ಢಂ ಎನ್ನುತ್ತದೆ, ಡ್ರೈವರ್ ಬ್ರೇಕ್ ಹಾಕುತ್ತಾನೆ. ತನ್ನ ಗಡಿ ಮುಟ್ಟಿದ ಗಸ್ತಿನವನು ಆ ಕಡೆಯಿಂದ ಬಂದವನ ಜೊತೆ ಪುಸ್ತಕ ಬದಲಿಸಿಕೊಂಡು ವಾಪಸು ನಡೆಯಬೇಕು. ನಿದ್ದೆ ಮಾಡಲಿಲ್ಲ ಎನ್ನುವುದಕ್ಕೆ ಅದೇ ಸಾಕ್ಷಿ. ಬೆಳಗಾದರೆ ಕೀಮ್ಯಾನ್ ಸುತ್ತಿಗೆ ಹಿಡಿದು ಹೊರಡುತ್ತಾನೆ, ಹಳಿಯನ್ನು ಸ್ಲೀಪರ್‌ಗೆ ಹಿಡಿದಿಡುವ ಕೀಲಿಗಳಲ್ಲಿ ಸಡಿಲವಾದದ್ದಕ್ಕೆ ಹೊಡೆಯುತ್ತ ಮೈಲುಗಟ್ಟಲೆ ನಡೆಯುತ್ತಾನೆ. ಉಂಬಳ ಹತ್ತಿದರೆ ಕಿತ್ತು ಬಿಸಾಡಿ ಮುಂದೆ ಹೋಗಬೇಕು. ಸ್ವಾಮಿ ಓಡುವ ಪ್ಲಾಟ್‌ಫಾರ್ಮ್ ಎಲ್ಲರಿಗೂ ಗೊತ್ತು. ಅದರ ಮುಂದಿನ ಹಳಿಯನ್ನು ಹೀಗೆ ನಡೆದು ನಡೆದು ನೆಟ್ಟಗೆ ಇಟ್ಟವರ ಮುಖ ನಮಗೆ ಗೊತ್ತಿಲ್ಲ.

ಅವರಲ್ಲಿ ಬದುಕಿರುವವರಿಗೆ ಈಗ ಎಪ್ಪತ್ತು, ಎಂಬತ್ತು. ನಮ್ಮ ಹತ್ತಿರ ದೊಡ್ಡ ಕ್ಯಾಮೆರಾ ಇಲ್ಲ, ಫೋನಿದೆ. ಹೋದ ಮಳೆಗಾಲದಿಂದ ಒಬ್ಬೊಬ್ಬರನ್ನೇ ಹುಡುಕಿ ಮಾತಾಡಿಸಿ ರೆಕಾರ್ಡ್ ಮಾಡುತ್ತಿದ್ದೇವೆ. 'ನಿಮ್ಮ ಅನುಭವ ಹೇಳಿ' ಎಂದರೆ ಯಾರೂ ಬಾಯಿ ಬಿಡುವುದಿಲ್ಲ. 'ರಾತ್ರಿ ಗಸ್ತಿಗೆ ಬುತ್ತಿ ಏನು ಒಯ್ಯುತ್ತಿದ್ದಿರಿ, ಆನೆ ಸಿಕ್ಕರೆ ಲಾಟೀನು ಏನು ಮಾಡುತ್ತಿದ್ದಿರಿ' ಎಂದು ಕೇಳಿದರೆ ನಿಲ್ಲಿಸುವುದಿಲ್ಲ. ಹಳೇ ಪಾಸು, ಡ್ಯೂಟಿ ಪುಸ್ತಕ, ಯೂನಿಫಾರ್ಮಿನ ಹಿತ್ತಾಳೆ ಗುಂಡಿ ಇಂಥವು ಟ್ರಂಕಿನಿಂದ ಹೊರಬರುತ್ತವೆ. ನಿಮ್ಮ ಮನೆಯಲ್ಲೂ ಇರಬಹುದು. ಗುಜರಿಗೆ ಹಾಕುವ ಮೊದಲು ಒಂದು ಫೋಟೊ ತೆಗೆದಿಡಿ, ಹಿಂದೆ ಯಾವ ಊರು, ಯಾವ ವರ್ಷ ಎಂದು ಬರೆದಿಡಿ. ಇಲ್ಲದಿದ್ದರೆ ಅದು ಫೋನಿನಲ್ಲಿ ಶುಭೋದಯದ ಚಿತ್ರಗಳ ನಡುವೆ ಸೇರಿಹೋಗುತ್ತದೆ.

ಆನಂದಪುರದ ಆಚೆ ಒಬ್ಬ ಹಿರಿಯರು, ಕೀಮ್ಯಾನ್ ಆಗಿ ನಿವೃತ್ತರಾದವರು, ನಲವತ್ತು ನಿಮಿಷ ಮಾತಾಡಿದ ಮೇಲೆ 'ಆ ಹಳೇ ಗಾಡಿ ನಿಮ್ಮ ಮೊಬೈಲಲ್ಲಿ ಸಿಗ್ತದಾ ಮಾರಾಯ್ರೆ?' ಎಂದು ಕೇಳಿದರು. ಉಗಿ ಎಂಜಿನ್ನಿನ ಹುಚ್ಚು ಹಿಡಿದ ವಿದೇಶಿಯರು ಎಪ್ಪತ್ತು, ಎಂಬತ್ತರ ದಶಕದಲ್ಲಿ ನಮ್ಮ ದೇಶ ಸುತ್ತಿ ಮೀಟರ್‌ಗೇಜ್ ರೈಲುಗಳನ್ನು ಫಿಲಂ ಮಾಡಿದ್ದರು. ಅಂಥದೊಂದು ತುಣುಕು ಹುಡುಕಿ ಹಾಕಿದೆವು. ಅವರ ಹಳಿಯದಲ್ಲ, ಬೇರೆ ಯಾವುದೋ ಸೀಮೆಯದು. ಹೊಗೆ ಬಿಡುತ್ತ ಎಂಜಿನ್ ತಿರುವಿನಲ್ಲಿ ಬಂತು. ನಾವೆಲ್ಲ ಎಂಜಿನ್ ನೋಡುತ್ತಿದ್ದೆವು. ಅವರು ಕನ್ನಡಕ ಏರಿಸಿ ಪರದೆಯ ಕೆಳಗಿನ ಮೂಲೆಗೆ ಬೆರಳಿಟ್ಟರು. 'ಇಲ್ಲಿ ಜಲ್ಲಿ ಸಾಲ್ದು. ಒಂದು ಮಳೆ ಬಂದ್ರೆ ಕೂರ್ತದೆ' ಅಂದರು.