ಬರಹಕ್ಕೆ ನಾಣ್ಯ: ಸ್ಟೀಮಿಟ್ ವೇದಿಕೆಯ ಹುಟ್ಟು, ಏರಿಳಿತ ಮತ್ತು ಒಡಕು

ಬರೆದವರಿಗೆ ಓದುಗರ ಮೆಚ್ಚುಗೆಯ ಪ್ರಮಾಣದಲ್ಲಿಯೇ ಸಂಭಾವನೆ ಸಲ್ಲಬೇಕೆಂಬ ಆಸೆ ಅಂತರ್ಜಾಲಕ್ಕಿಂತ ಹಳೆಯದಾದರೂ, ಅದನ್ನು ಸಂಪಾದಕ, ಪ್ರಕಾಶಕ, ಜಾಹೀರಾತುದಾರ ಯಾರ ಹಂಗೂ ಇಲ್ಲದೆ ಈಡೇರಿಸಿಕೊಡುತ್ತೇವೆಂದು ಹೇಳಿಕೊಂಡು ಬಂದ ವೇದಿಕೆಗಳ ಚರಿತ್ರೆ ಕಳೆದ ಎರಡು ದಶಕಗಳದ್ದು ಮಾತ್ರ. ಆ ಚರಿತ್ರೆಯಲ್ಲಿ 2016ರಲ್ಲಿ ಅಮೆರಿಕದಲ್ಲಿ ಆರಂಭವಾದ ಸ್ಟೀಮಿಟ್ ಎಂಬ ತಾಣಕ್ಕೆ ವಿಶೇಷ ಸ್ಥಾನವಿದೆ. ಏಕೆಂದರೆ ಬರಹಗಾರರಲ್ಲಿ ಅದು ಹುಟ್ಟಿಸಿದಷ್ಟು ನಿರೀಕ್ಷೆಯನ್ನು ಹಿಂದಿನ ಯಾವ ತಾಣವೂ ಹುಟ್ಟಿಸಿರಲಿಲ್ಲ, ಮತ್ತು ಆ ನಿರೀಕ್ಷೆ ಹೇಗೆ ಬೆಳೆದು ಹೇಗೆ ಕುಸಿಯಿತೆಂಬುದರ ಪ್ರತಿಯೊಂದು ಹೆಜ್ಜೆಯೂ ಎಲ್ಲರಿಗೂ ತೆರೆದಿರುವ ಲೆಕ್ಕದ ಪುಸ್ತಕದಲ್ಲಿ ದಾಖಲಾಗಿ ಉಳಿದಿದೆ.

ಸ್ಟೀಮಿಟ್‌ಗೆ ಹಿಂದಿನವರಿದ್ದರು. ಗೂಗಲ್ 2003ರಲ್ಲಿ ಆಡ್‌ಸೆನ್ಸ್ ಆರಂಭಿಸಿ ಬ್ಲಾಗುಗಳ ಪಕ್ಕದಲ್ಲಿ ಜಾಹೀರಾತು ಹಾಕಿ ಆದಾಯ ಹಂಚತೊಡಗಿದ ಮೇಲೆ, ಅಸೋಸಿಯೇಟೆಡ್ ಕಂಟೆಂಟ್, ಸ್ಕ್ವಿಡೂ, ಹಬ್‌ಪೇಜಸ್ ಮೊದಲಾದ ತಾಣಗಳು ಜನಸಾಮಾನ್ಯರಿಂದ ಬರೆಸಿ ಆ ಆದಾಯದ ಒಂದು ಪಾಲನ್ನು ಕೊಡುವ ವ್ಯವಸ್ಥೆ ಮಾಡಿದವು. 2011ರ ಫೆಬ್ರವರಿಯಲ್ಲಿ ಗೂಗಲ್ ತನ್ನ ಹುಡುಕಾಟದ ಸೂತ್ರವನ್ನು ಬದಲಿಸಿ, ಪಾಂಡಾ ಎಂದು ಹೆಸರಾದ ಆ ಬದಲಾವಣೆಯ ಮೂಲಕ ಗುಣಮಟ್ಟವಿಲ್ಲದ ಬರಹಗಳನ್ನು ಕೆಳಕ್ಕೆ ತಳ್ಳಿದಾಗ ಈ ತಾಣಗಳಲ್ಲಿ ಅನೇಕವು ಓದುಗರನ್ನು ಕಳೆದುಕೊಂಡವು; 2014ರಲ್ಲಿ ಸ್ಕ್ವಿಡೂ ಹಬ್‌ಪೇಜಸ್‌ನಲ್ಲಿ ಲೀನವಾಯಿತು. ಬರೆದವರ ಆದಾಯ ಅವರ ಬರಹಕ್ಕಿಂತ ಹೆಚ್ಚಾಗಿ ಮೂರನೆಯವರ ಒಂದು ತೀರ್ಮಾನದ ಮೇಲೆ ನಿಂತಿತ್ತೆಂಬುದು ಆಗಲೇ ತಿಳಿದುಬಂದಿತ್ತು.

ನೆಡ್ ಸ್ಕಾಟ್ ಮತ್ತು ಡ್ಯಾನ್ ಲಾರಿಮರ್ ಸ್ಥಾಪಿಸಿದ ಸ್ಟೀಮಿಟ್ ಈ ಅವಲಂಬನೆಯನ್ನೇ ತೊಡೆದುಹಾಕುವುದಾಗಿ ಹೇಳಿತು. ಅದರ ತಳಹದಿಯಾದ ಸ್ಟೀಮ್ ಎಂಬ ಬ್ಲಾಕ್‌ಚೈನ್, ಅಂದರೆ ಹಲವು ಕಂಪ್ಯೂಟರುಗಳಲ್ಲಿ ಏಕಕಾಲಕ್ಕೆ ಇರುವ, ಒಮ್ಮೆ ಬರೆದದ್ದನ್ನು ಅಳಿಸಲಾಗದ ಲೆಕ್ಕದ ಸರಪಳಿ, 2016ರ ಮಾರ್ಚ್‌ನಲ್ಲಿ ಚಾಲನೆಗೆ ಬಂತು. ಈ ಸರಪಳಿ ದಿನವೂ ಹೊಸ ಟೋಕನ್‌ಗಳನ್ನು, ಎಂದರೆ ಮಾರುಕಟ್ಟೆಯಲ್ಲಿ ಮಾರಿಕೊಳ್ಳಬಹುದಾದ ಡಿಜಿಟಲ್ ನಾಣ್ಯಗಳನ್ನು, ಟಂಕಿಸಿ ಅವುಗಳ ಒಂದು ಭಾಗವನ್ನು ಸದಸ್ಯರ ಮತಗಳಿಗೆ ಅನುಗುಣವಾಗಿ ಬರಹಗಳಿಗೆ ಹಂಚುತ್ತಿತ್ತು. ಓದುಗರು ತಮ್ಮ ಜೇಬಿನಿಂದ ಏನನ್ನೂ ತೆರಬೇಕಾಗಿರಲಿಲ್ಲ, ಜಾಹೀರಾತೂ ಇರಲಿಲ್ಲ. ಹಾಗಾದರೆ ಹಣ ಯಾರದೆಂಬ ಪ್ರಶ್ನೆಗೆ ಉತ್ತರ ಸರಳವಾಗಿತ್ತು: ಆ ಟೋಕನ್‌ಗಳನ್ನು ಮುಂದೆ ಬೆಲೆ ಏರೀತೆಂದು ಕೊಳ್ಳಲು ಬರುವವರದು. ಕೊಳ್ಳುವವರು ಇರುವಷ್ಟು ದಿನ ಮಾತ್ರ ಬರಹಕ್ಕೆ ಬೆಲೆ. ಸ್ಟೀಮಿಟ್‌ನ ಇಡೀ ಚರಿತ್ರೆಯನ್ನು ಅರ್ಥಮಾಡಿಕೊಳ್ಳಲು ಈ ಒಂದು ಸಂಗತಿ ಕೀಲಿಕೈಯಾಗಿದ್ದು, ಆರಂಭದ ಉತ್ಸಾಹದಲ್ಲಿ ಹೆಚ್ಚಿನ ಬರಹಗಾರರು ಗಮನಿಸದೆ ಹೋದದ್ದೂ ಇದನ್ನೇ.

2016ರ ಜುಲೈ 4ರಂದು ಮೊದಲ ಬಟವಾಡೆ ನಡೆಯಿತು. ಆ ತಿಂಗಳ ಮಧ್ಯದ ಹೊತ್ತಿಗೆ ಸ್ಟೀಮ್ ಟೋಕನ್ನಿನ ಬೆಲೆ 4 ಡಾಲರ್ ದಾಟಿತು, ಮತ್ತು ಕೆಲವು ಬರಹಗಳ ಕೆಳಗೆ ಸಾವಿರಾರು ಡಾಲರುಗಳ ಅಂಕಿ ಕಾಣಿಸಿಕೊಂಡಿತು. ಆದರೆ ಪುಟದ ಮೇಲೆ ಕಂಡ ಅಂಕಿಗೂ ಕೈಗೆ ಬರುವ ಹಣಕ್ಕೂ ಬಹಳ ಅಂತರವಿತ್ತು. 2019ರವರೆಗೆ ಬಹುಕಾಲ ಜಾರಿಯಲ್ಲಿದ್ದ ನಿಯಮವನ್ನು ಹಿಡಿದು ಲೆಕ್ಕ ಹಾಕುವುದಾದರೆ, 100 ಡಾಲರ್ ಎಂದು ತೋರಿಸಿದ ಬರಹದಲ್ಲಿ 25 ಡಾಲರ್ ಮತ ಹಾಕಿದವರ ಪಾಲು. ಉಳಿದ 75ರಲ್ಲಿ ಅರ್ಧ, ಎಂದರೆ 37.50, ಸುಮಾರು ಒಂದು ಡಾಲರ್ ಬೆಲೆಯಲ್ಲಿ ನಿಲ್ಲಬೇಕೆಂದು ರೂಪಿಸಿದ ಸ್ಟೀಮ್ ಡಾಲರ್ ಎಂಬ ನಾಣ್ಯದಲ್ಲಿ ಸಿಗುತ್ತಿತ್ತು. ಇನ್ನರ್ಧ ಸ್ಟೀಮ್ ಪವರ್ ಎಂಬ ಠೇವಣಿಯಾಗಿ ಖಾತೆಯಲ್ಲಿಯೇ ಉಳಿಯುತ್ತಿತ್ತು. ಈ ಠೇವಣಿಯನ್ನು ಬಿಡಿಸಿಕೊಳ್ಳಲು 2016ರಲ್ಲಿ 104 ವಾರಗಳ ಕಂತು ಬೇಕಿತ್ತು. ಆ ವರ್ಷದ ಡಿಸೆಂಬರಿನ ತಿದ್ದುಪಡಿಯಿಂದ ಅದು 13 ವಾರಕ್ಕೆ ಇಳಿಯಿತು. ನಿಯಮಗಳನ್ನು ಸಂಸ್ಥೆ ಮುಚ್ಚಿಟ್ಟಿರಲಿಲ್ಲ, ಅವು ಅದರ ಶ್ವೇತಪತ್ರದಲ್ಲಿ ಪ್ರಕಟವಾಗಿದ್ದವು. ಆದರೂ ಡಾಲರ್ ಚಿಹ್ನೆಯ ದೊಡ್ಡ ಅಂಕಿಯನ್ನು ಪ್ರತಿ ಬರಹದ ಕೆಳಗೆ ನಿಲ್ಲಿಸಿದ್ದು ಹೊಸಬರನ್ನು ದಾರಿ ತಪ್ಪಿಸಿತೆಂದು ಹೇಳದೆ ವಿಧಿಯಿಲ್ಲ.

ಮತಗಳ ವಿಷಯದಲ್ಲಿಯೂ ಇದೇ ಬಗೆಯ ಭ್ರಮೆ ಇತ್ತು. ಒಬ್ಬರಿಗೆ ಒಂದು ಮತವೆಂಬ ಪದ್ಧತಿ ಅಲ್ಲಿರಲಿಲ್ಲ. ಯಾರ ಖಾತೆಯಲ್ಲಿ ಎಷ್ಟು ಠೇವಣಿಯಿತ್ತೋ ಅವರ ಮತಕ್ಕೆ ಅಷ್ಟು ತೂಕ. ಇದರ ಮೇಲೆ, 2017ರ ಜೂನ್ ತನಕ ಸಂಭಾವನೆ ಮತಬಲದ ವರ್ಗಕ್ಕೆ ಅನುಗುಣವಾಗಿತ್ತು, ಅಂದರೆ ಹತ್ತು ಪಟ್ಟು ಬಲದ ಮತ ಬಿದ್ದ ಬರಹಕ್ಕೆ ಸುಮಾರು ನೂರು ಪಟ್ಟು ಹಣ ಸಿಗುತ್ತಿತ್ತು. ಆರಂಭದ ಗಣಿಗಾರಿಕೆಯಲ್ಲಿ, ಎಂದರೆ ಟೋಕನ್‌ಗಳನ್ನು ಮೊದಲು ಉತ್ಪಾದಿಸಿದ ಹಂತದಲ್ಲಿ, ಬಹುಪಾಲು ಸಂಸ್ಥೆಗೂ ಕೆಲವೇ ಮೊದಲಿಗರಿಗೂ ಸೇರಿದ್ದರಿಂದ, ತಿಮಿಂಗಿಲಗಳೆಂದು ಕರೆಸಿಕೊಂಡ ಈ ಕೆಲವರ ಕಣ್ಣಿಗೆ ಬಿದ್ದ ಬರಹ ಸಾವಿರ ಗಳಿಸುತ್ತಿತ್ತು, ನೂರಾರು ಸಣ್ಣ ಖಾತೆಗಳು ಮೆಚ್ಚಿದ ಬರಹಕ್ಕೆ ಕೆಲವು ಸೆಂಟುಗಳೂ ಹುಟ್ಟುತ್ತಿರಲಿಲ್ಲ. ವರ್ಗದ ನಿಯಮವನ್ನು ತೆಗೆದ ಮೇಲೆ ಸಣ್ಣವರ ಮತಕ್ಕೆ ಸ್ವಲ್ಪ ಬೆಲೆ ಬಂತಾದರೂ, ಹಣ ಕೊಟ್ಟರೆ ಮತ ಹಾಕುವ ಸ್ವಯಂಚಾಲಿತ ಖಾತೆಗಳ ದಂಧೆ ಹಬ್ಬಿತು. ತನ್ನ ಬರಹಕ್ಕೆ ತಾನೇ ಮತ ಖರೀದಿಸಿ ಮುಂಚೂಣಿಗೆ ತರುವವರು ಹೆಚ್ಚಿದಂತೆ ಬರವಣಿಗೆಯ ಗುಣಕ್ಕೂ ಸಂಭಾವನೆಗೂ ಇದ್ದ ನಂಟು ಸಡಿಲವಾಯಿತು.

ಬೆಲೆಯ ಕಥೆ ಇನ್ನೂ ನಿಷ್ಠುರವಾದುದು. 2017ರ ಮಾರ್ಚ್ ವೇಳೆಗೆ ಟೋಕನ್ನಿನ ಬೆಲೆ 10 ಸೆಂಟಿಗಿಂತ ಕೆಳಗಿಳಿದಿತ್ತು, ಲಾರಿಮರ್ ಅದೇ ತಿಂಗಳು ಸಂಸ್ಥೆಯನ್ನು ಬಿಟ್ಟರು. ಹಣಕ್ಕಾಗಿಯೇ ಬಂದವರಲ್ಲಿ ಅನೇಕರು ಆಗಲೇ ಹೊರಟುಹೋಗಿದ್ದರು. ಬಿಟ್‌ಕಾಯಿನ್ನಿನ ಏರಿಕೆಯೊಂದಿಗೆ 2018ರ ಜನವರಿಯಲ್ಲಿ ಸ್ಟೀಮ್ 8 ಡಾಲರ್ ಮುಟ್ಟಿತು. ಒಂದು ಡಾಲರಿನ ಆಸುಪಾಸಿನಲ್ಲಿ ಇರಬೇಕಾಗಿದ್ದ ಸ್ಟೀಮ್ ಡಾಲರ್ ಕೂಡ 10 ಡಾಲರ್ ದಾಟಿತು. ಆ ಕೆಲವು ವಾರಗಳಲ್ಲಿ ಸೇರಿದ ಹೊಸಬರಿಗೆ ಅದೇ ಸಹಜ ಗಳಿಕೆಯೆಂದು ತೋರಿದ್ದರಲ್ಲಿ ಆಶ್ಚರ್ಯವಿಲ್ಲ. ಇಂಡೊನೇಷ್ಯಾದ ಅಚೆಯಲ್ಲಿ, ನೈಜೀರಿಯಾದಲ್ಲಿ, ಹಣದುಬ್ಬರದಿಂದ ತತ್ತರಿಸಿದ್ದ ವೆನೆಜುವೆಲಾದಲ್ಲಿ ದೊಡ್ಡ ಬಳಗಗಳು ಬೆಳೆದವು. ವಾರಕ್ಕೆ ಕೆಲವೇ ಡಾಲರ್ ಸಿಕ್ಕರೂ ವೆನೆಜುವೆಲಾದ ಕುಟುಂಬವೊಂದಕ್ಕೆ ಅದು ನಿಜವಾದ ಆಸರೆಯಾಗುತ್ತಿತ್ತೆಂಬುದನ್ನು ಮರೆತು ಈ ವೇದಿಕೆಯನ್ನು ಸಾರಾಸಗಟಾಗಿ ತಳ್ಳಿಹಾಕುವುದು ನ್ಯಾಯವಲ್ಲ.

ಭಾರತದ ಸದಸ್ಯರಿಗೆ ಬೇರೆಯದೇ ಅಡ್ಡಿ ಎದುರಾಯಿತು. 2018ರ ಏಪ್ರಿಲ್ 6ರ ಸುತ್ತೋಲೆಯಲ್ಲಿ ರಿಸರ್ವ್ ಬ್ಯಾಂಕು ಇಂಥ ನಾಣ್ಯಗಳ ವ್ಯವಹಾರಕ್ಕೆ ಬ್ಯಾಂಕುಗಳು ಸೇವೆ ಒದಗಿಸಬಾರದೆಂದು ಆದೇಶಿಸಿದ್ದರಿಂದ, ಬೆಂಗಳೂರಿನ ಯೂನೊಕಾಯಿನ್‌ನಂತಹ ವಿನಿಮಯ ಸಂಸ್ಥೆಗಳು ಇಕ್ಕಟ್ಟಿಗೆ ಸಿಲುಕಿ, ಗಳಿಸಿದ ಟೋಕನ್ನನ್ನು ರೂಪಾಯಿ ಮಾಡಿಕೊಳ್ಳುವ ದಾರಿಯೇ ಕಿರಿದಾಯಿತು. ಸುಪ್ರೀಂ ಕೋರ್ಟು ಆ ಸುತ್ತೋಲೆಯನ್ನು ರದ್ದುಪಡಿಸಿದ್ದು 2020ರ ಮಾರ್ಚ್ 4ರಂದು.

ಅಷ್ಟರಲ್ಲಿ ಸ್ಟೀಮಿಟ್ ಒಡೆದುಹೋಗುವ ಹಂತಕ್ಕೆ ಬಂದಿತ್ತು. 2018ರ ನವೆಂಬರಿನಲ್ಲಿ ಸಂಸ್ಥೆ ತನ್ನ ಸಿಬ್ಬಂದಿಯಲ್ಲಿ ಶೇಕಡಾ 70ರಷ್ಟು ಜನರನ್ನು ಕೆಲಸದಿಂದ ಬಿಡಿಸಿತು. 2020ರ ಫೆಬ್ರವರಿಯಲ್ಲಿ ಟ್ರಾನ್ ಜಾಲದ ಸ್ಥಾಪಕ ಜಸ್ಟಿನ್ ಸನ್ ಅದನ್ನು ಕೊಂಡರು. ಸರಪಳಿಯನ್ನು ನಡೆಸುವ ಚುನಾಯಿತ ಸಾಕ್ಷಿಗಳು ಸಂಸ್ಥೆಯ ಪಾಲಿನ ಟೋಕನ್‌ಗಳನ್ನು ತಡೆಹಿಡಿದಾಗ, ಮಾರ್ಚ್ 2ರಂದು ಬೈನಾನ್ಸ್, ಹುವೊಬಿ, ಪೊಲೊನಿಯೆಕ್ಸ್ ವಿನಿಮಯ ಕೇಂದ್ರಗಳಲ್ಲಿದ್ದ ಗ್ರಾಹಕರ ಟೋಕನ್‌ಗಳ ಮತಬಲವನ್ನು ಬಳಸಿ ಆ ಸಾಕ್ಷಿಗಳನ್ನು ಕೆಳಗಿಳಿಸಲಾಯಿತು. ಇದನ್ನು ಒಪ್ಪದ ಬಳಗ ಮಾರ್ಚ್ 20ರಂದು ಸರಪಳಿಯನ್ನು ನಕಲು ಮಾಡಿ, ಸಂಸ್ಥೆಯ ಪಾಲನ್ನು ಹೊರಗಿಟ್ಟು, ಹೈವ್ ಎಂಬ ಹೆಸರಿನಲ್ಲಿ ಬೇರೆಯಾಯಿತು. ಬರಹಗಳೂ ಅವುಗಳ ಗಳಿಕೆಯ ಲೆಕ್ಕವೂ ಎರಡೂ ಸರಪಳಿಗಳಲ್ಲಿ ಉಳಿದವು. ಎರಡೂ ಟೋಕನ್‌ಗಳು 2018ರ ಜನವರಿಯ ಆ ಬೆಲೆಯನ್ನು ಮತ್ತೆ ಕಂಡಿಲ್ಲ.