ಮುಳ್ಳು ನುಡಿದ ಸಾಕ್ಷಿ

ನಾನು ಹೈಸ್ಕೂಲಿನಲ್ಲಿ ಓದುತ್ತಿದ್ದಾಗ ನಮ್ಮ ಮನೆಯಲ್ಲಿ ಒಂದು ಹಳೆಯ ಇಂಗ್ಲಿಷ್ ಮೋಟಾರು ಕಾರಿದ್ದಿತು. ಒಂದು ರಾತ್ರಿ ಅದನ್ನು ಷೆಡ್ಡಿಗೆ ಬಿಡುವಾಗ ಪೆಟ್ರೋಲಿನ ಮುಳ್ಳು ಟ್ಯಾಂಕು ತುಂಬಿದೆಯೆಂದು ತೋರಿಸುತ್ತಿದ್ದುದನ್ನು ನಮ್ಮ ತಂದೆಯವರು ಕಣ್ಣಾರೆ ಕಂಡಿದ್ದರು. ಬೆಳಗಾದಾಗ ಅದೇ ಮುಳ್ಳು ಕೆಳಗೆ ಬಿದ್ದಿದ್ದಿತು. ಟ್ಯಾಂಕೂ ನಿಜವಾಗಿಯೇ ಬರಿದಾಗಿದ್ದಿತು. ಷೆಡ್ಡಿನ ಬೀಗದ ಕೈ ಇದ್ದುದು ಡ್ರೈವರನ ಬಳಿ. ಇನ್ನು ವಿಚಾರಣೆಗೆ ಉಳಿದದ್ದೇನು? ಹನ್ನೊಂದು ವರ್ಷ ನಮ್ಮಲ್ಲಿ ದುಡಿದಿದ್ದ ಆತ, “ನಾನು ಮುಟ್ಟಿಲ್ಲ, ಯಜಮಾನರೇ” ಎಂದು ಒಂದೇ ಮಾತು ಹೇಳಿ, ಬೀಗದ ಕೈಯನ್ನು ಜಗಲಿಯ ಮೇಲಿಟ್ಟು ಹೊರಟುಹೋದ.

ಈ ಮುಳ್ಳಿನ ಮಾತಿಗೆ ಇಷ್ಟು ಬೆಲೆ ಬಂದದ್ದು ಎಂದಿನಿಂದ? ಮೋಟಾರು ಗಾಡಿಯ ಆದಿಕಾಲದಲ್ಲಿ ಅದು ಇರಲೇ ಇಲ್ಲ. 1908ರಿಂದ 1927ರವರೆಗೆ ಒಂದೂವರೆ ಕೋಟಿಗೂ ಮಿಕ್ಕಿ ತಯಾರಾದ ಫೋರ್ಡ್ ‘ಟಿ’ ಮಾದರಿಯ ಗಾಡಿಗೆ ಪೆಟ್ರೋಲಿನ ಮಾಪಕವನ್ನು ಜೋಡಿಸಿ ಕೊಡುತ್ತಿರಲಿಲ್ಲ. ಸಾಮಾನ್ಯವಾಗಿ ಟ್ಯಾಂಕು ಇರುತ್ತಿದ್ದುದು ಮುಂದಿನ ಆಸನದ ಕೆಳಗೆ. ಕುಳಿತವರನ್ನು ಎಬ್ಬಿಸಿ, ಮೆತ್ತೆಯನ್ನು ಎತ್ತಿ, ಗೆರೆ ಕೊರೆದ ಒಂದು ಕೋಲನ್ನು ಅದ್ದಿ ನೋಡಬೇಕು. ಕೋಲು ಎಷ್ಟು ನೆನೆಯಿತೋ ಅಷ್ಟು ಪೆಟ್ರೋಲು. ಎಂಜಿನ್ನಿಗೆ ಅದು ಇಳಿಜಾರಿನಲ್ಲಿ ತಾನಾಗಿ ಹರಿದು ಬರಬೇಕಾದ್ದರಿಂದ, ಟ್ಯಾಂಕು ಬರಿದಾಗುತ್ತ ಬಂದಾಗ ಕಡಿದಾದ ಏರು ಎದುರಾದರೆ ಗಾಡಿಯನ್ನು ಹಿಂದುಮುಂದಾಗಿ ಹತ್ತಿಸುತ್ತಿದ್ದರು! ಮುಂದೆ ಬಂದ ‘ಎ’ ಮಾದರಿಯಲ್ಲಿ ಟ್ಯಾಂಕು ಚಾಲಕನ ಎದುರಿಗೇ ಬಂದಿತು. ಅದರ ಮೈಗೇ ಕೂರಿಸಿದ ಮಾಪಕದಲ್ಲಿ ಬೂಚಿನ ತೇಲುಬೆಂಡು ಏರಿಳಿದಂತೆ ಅಂಕಿ ತಿರುಗುತ್ತಿದ್ದಿತು. ಬೆಂಡಿಗೂ ಕಣ್ಣಿಗೂ ನಡುವೆ ವಿದ್ಯುತ್ತಿನ ಮಧ್ಯಸ್ಥಿಕೆ ಇರಲಿಲ್ಲ.

ಜರ್ಮನಿಯ ಫೋಕ್ಸ್‌ವ್ಯಾಗನ್ ಬೀಟಲ್ ಗಾಡಿಯಂತೂ 1961ರವರೆಗೆ ಮಾಪಕದ ಗೊಡವೆಗೇ ಹೋಗಲಿಲ್ಲ. ಎಂಜಿನ್ನು ಮುಗ್ಗರಿಸಿದಾಗ ಕಾಲಿನಿಂದ ಒಂದು ಕೊಕ್ಕೆಯನ್ನು ತಿರುಗಿಸಿದರೆ, ಕೂಡಿಟ್ಟ ಕೆಲವು ಲೀಟರು ಹರಿದುಬರುತ್ತಿದ್ದಿತು. ನಮ್ಮ ಸ್ಕೂಟರುಗಳ ‘ರಿಸರ್ವ್’ ಬಲ್ಲವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಕೊಕ್ಕೆಯನ್ನು ಮತ್ತೆ ಸ್ವಸ್ಥಾನಕ್ಕೆ ತಿರುಗಿಸಲು ಮರೆತವನ ಪಾಡೂ ಅವರಿಗೆ ಗೊತ್ತು.

ಟ್ಯಾಂಕು ಗಾಡಿಯ ಹಿಂಭಾಗಕ್ಕೆ ಸರಿದ ಮೇಲೆ ಸುದ್ದಿಯನ್ನು ಮುಂದಕ್ಕೆ ಮುಟ್ಟಿಸಲು ದೂತನೊಬ್ಬ ಬೇಕಾಯಿತು. ಆ ಕೆಲಸ ವಿದ್ಯುತ್ತಿನದಾಯಿತು. ಟ್ಯಾಂಕಿನೊಳಗೆ ತೇಲುವ ಬೆಂಡಿಗೆ ಒಂದು ಕಡ್ಡಿ. ಕಡ್ಡಿಯ ತುದಿ ಸಣ್ಣ ತಂತಿಯ ಸುರುಳಿಯ ಮೇಲೆ ಉಜ್ಜುತ್ತ ವಿದ್ಯುತ್ತಿನ ದಾರಿಯನ್ನು ಸುಲಭವಾಗಿಯೋ ಕಷ್ಟವಾಗಿಯೋ ಮಾಡುತ್ತದೆ. ಹಳೆಯ ಇಂಗ್ಲಿಷ್ ಗಾಡಿಗಳಲ್ಲಿ ಮುಳ್ಳನ್ನು ಆಚೆಗೊಂದು ಈಚೆಗೊಂದು ಸುರುಳಿ ಅಯಸ್ಕಾಂತದಂತೆ ಸೆಳೆಯುತ್ತಿದ್ದವು. ಟ್ಯಾಂಕಿನ ಕಡೆಯ ದಾರಿ ಸುಲಭವಾಗಿದ್ದರೆ ಮುಳ್ಳು ‘ಖಾಲಿ’ಯ ಕಡೆಗೆ, ಕಷ್ಟವಾದಷ್ಟೂ ‘ಭರ್ತಿ’ಯ ಕಡೆಗೆ. ಹಾಗಾದರೆ ತಂತಿಯೇ ಕಡಿದುಹೋದರೆ? ದಾರಿ ಪೂರ್ತಿ ಮುಚ್ಚಿದಂತೆ. ಮುಳ್ಳು ಭರ್ತಿಯಲ್ಲಿ ನಿಂತುಬಿಡುತ್ತದೆ. ಆ ಕಾಲದ ಮಾಪಕದ ದೊಡ್ಡ ದೋಷ ಇದೇ: ದೂತ ಸತ್ತರೆ ಎಲ್ಲವೂ ಕ್ಷೇಮವೆಂದು ವರದಿ.

ಮುಂದೆ, 1960ರ ದಶಕದ ಹೊತ್ತಿಗೆ, ಕಾವಿನಿಂದ ಬಾಗುವ ಜೋಡಿಲೋಹದ ಪಟ್ಟಿಯ ಮಾಪಕ ಇಂಗ್ಲಿಷ್ ಗಾಡಿಗಳಲ್ಲಿ ಹರಡಿತು. ಅದರೊಡನೆ ವಿದ್ಯುತ್ತನ್ನು ಸರಾಸರಿ 10 ವೋಲ್ಟಿಗೆ ಇಳಿಸಿ ಕೊಡುವ ಪುಟ್ಟ ಪೆಟ್ಟಿಗೆಯೂ ಬಂದಿತು. ಇದರಲ್ಲಿ ಎಲ್ಲವೂ ತಿರುಗುಮುರುಗು: ತಂತಿ ಕಡಿದರೆ ಮುಳ್ಳು ಖಾಲಿಯೆನ್ನುತ್ತದೆ. ಸುಳ್ಳೇ ಆದರೂ ದಾರಿಯಲ್ಲಿ ನಿಲ್ಲಿಸದ ಸುಳ್ಳು.

ಆದ್ದರಿಂದ ಹಳೆಯ ಗಾಡಿಯ ಮಾಪಕ ಕೆಟ್ಟಿತೆಂದವರು ಮೊದಲು ಅದರ ಜಾತಿಯನ್ನು ತಿಳಿಯಬೇಕು. ಕೀಲಿ ತಿರುಗಿಸಿದೊಡನೆ ಮುಳ್ಳು ಚಂಗನೆ ನೆಗೆದರೆ ಸುರುಳಿಯದು. ನಿಧಾನವಾಗಿ ಮೇಲೇರಿದರೆ ಜೋಡಿಲೋಹದ್ದು. ಬಳಿಕ ಟ್ಯಾಂಕಿನ ಬಳಿ ತಂತಿಯನ್ನು ಬಿಡಿಸಿ ನೋಡಬೇಕು. ಬಿಡಿಸುವಾಗ ಕೀಲಿ ಮುಚ್ಚಿರಲಿ. ಪೆಟ್ರೋಲಿನ ಹತ್ತಿರ ಕಿಡಿ ಹಾರಬಾರದು. ಸುರುಳಿಯ ಮಾಪಕದಲ್ಲಿ ತಂತಿ ಬಿಡಿಸಿದಾಗ ಮುಳ್ಳು ಭರ್ತಿಗೂ, ಗಾಡಿಯ ಲೋಹಕ್ಕೆ ತಾಗಿಸಿದಾಗ ಖಾಲಿಗೂ ಹೋದರೆ ಮಾಪಕವೂ ತಂತಿಯೂ ನಿರಪರಾಧಿಗಳು. ತಪ್ಪನ್ನು ಟ್ಯಾಂಕಿನಲ್ಲಿ ಹುಡುಕಬೇಕು. ಜೋಡಿಲೋಹದ ಮಾಪಕವನ್ನು ಹೀಗೆ ಬಹಳ ಹೊತ್ತು ತಾಗಿಸಿಟ್ಟರೆ ಅದು ಸುಟ್ಟೀತು. ಅಂಥ ಗಾಡಿಯಲ್ಲಿ ಪೆಟ್ರೋಲಿನ ಮುಳ್ಳೂ ಕಾವಿನ ಮುಳ್ಳೂ ಒಟ್ಟಿಗೇ ತಪ್ಪಿದರೆ ಮೊದಲ ಸಂಶಯ ಆ ಪುಟ್ಟ ಪೆಟ್ಟಿಗೆಯ ಮೇಲೆ. ಟ್ಯಾಂಕಿನೊಳಗೆ ಹಿತ್ತಾಳೆಯ ಬೆಂಡು ತೂತುಬಿದ್ದು ಪೆಟ್ರೋಲು ಕುಡಿದು ಮುಳುಗಿರಬಹುದು; ಕಿವಿಯ ಬಳಿ ಅಲುಗಾಡಿಸಿದರೆ ಒಳಗಿನ ಸದ್ದು ಕೇಳುತ್ತದೆ. ಬೂಚಿನ ಬೆಂಡಿಗೆ ಹಿಂದೆ ಅರಗಿನ ಮೆರುಗು ಬಳಿಯುತ್ತಿದ್ದರು. ಪೆಟ್ರೋಲಿಗೆ ಅರಗು ಜಗ್ಗದು, ಮದ್ಯಸಾರಕ್ಕೆ ಕರಗುತ್ತದೆ. ನಮ್ಮ ದೇಶದಲ್ಲಿ ಪೆಟ್ರೋಲಿಗೆ ಶೇಕಡ 20ರಷ್ಟು ಎಥೆನಾಲ್ ಬೆರೆಸುವ ಗುರಿ 2025ರಲ್ಲಿ ಮುಟ್ಟಿತು. ಹಳೆಯ ಗಾಡಿಗಳನ್ನು ಸಾಕಿಕೊಂಡಿರುವವರು ಇದನ್ನು ನೆನಪಿನಲ್ಲಿಡುವುದು ಒಳ್ಳೆಯದು.

ನಮ್ಮ ಗಾಡಿಯದು ಹಳೆಯ ಜಾತಿಯ ಮಾಪಕ. ಎರಡು ತಿಂಗಳ ಮೇಲೆ ಬೇರಾವುದೋ ರಿಪೇರಿಗೆ ಬಂದ ಮೇಸ್ತ್ರಿ, ಟ್ಯಾಂಕಿನ ಬಳಿ ಕಿಲುಬು ಹಿಡಿದಿದ್ದ ತಂತಿಯನ್ನು ಬೆರಳಿನಿಂದ ಅಲುಗಿಸಿ, “ಮುಳ್ಳು ನೋಡಿ, ಸ್ವಾಮಿ” ಎಂದ. ಮುಳ್ಳು ಖಾಲಿಯಿಂದ ಭರ್ತಿಗೆ ನೆಗೆಯಿತು. ಇನ್ನೊಮ್ಮೆ ಅಲುಗಿಸಿದಾಗ ಹಿಂದಕ್ಕೆ ಬಿದ್ದಿತು. ಅಂದು ರಾತ್ರಿ ತಂತಿಯ ಸಂಪರ್ಕ ತಪ್ಪಿದ್ದಿತು, ಬೆಳಿಗ್ಗೆ ಕೂಡಿಕೊಂಡಿದ್ದಿತು, ನಡೆದದ್ದು ಇಷ್ಟೇ. ಪೆಟ್ರೋಲು ಹಾಕಿಸಿದ ಮೇಲೆ ಗಾಡಿ ಎಷ್ಟು ಮೈಲಿ ಓಡಿತೆಂದು ಯಾರೂ ಲೆಕ್ಕ ಹಾಕಿರಲಿಲ್ಲ.

ತರಗತಿಯಲ್ಲಿ ಶಾಸನಪಾಠ ಹೇಳುವಾಗ, ಕಲ್ಲಿನಲ್ಲಿ ಕೊರೆದದ್ದೆಲ್ಲ ನಿಜವಲ್ಲ, ಯಾರು, ಯಾರಿಗಾಗಿ, ಯಾವ ದಾರಿಯಿಂದ ಹೇಳಿದರೆಂದು ನೋಡಿ ಎಂದು ವಿದ್ಯಾರ್ಥಿಗಳಿಗೆ ಹೇಳುತ್ತಿರುತ್ತೇನೆ. ಆಗೆಲ್ಲ ನನಗೆ ನೆನಪಾಗುವುದು ಆ ಮೇಸ್ತ್ರಿಯ ಬೆರಳು. ತಂದೆಯವರು ಆ ದಿನವೇ ಡ್ರೈವರನ ಊರಿಗೆ ಬಸ್ಸು ಹಿಡಿದು ಹೋದರು. ಆತ ಕಾಫಿ ಕೊಟ್ಟು ಉಪಚರಿಸಿದನಂತೆ. ಆದರೆ ಕೆಲಸಕ್ಕೆ ಮಾತ್ರ ಮರಳಲಿಲ್ಲ. ಅಂದಿನಿಂದ ನಮ್ಮ ಷೆಡ್ಡಿನ ಗೋಡೆಯ ಮೇಲೆ ಗೆರೆ ಕೊರೆದ ಒಂದು ಬಿದಿರುಕೋಲು ತೂಗುತ್ತಿದ್ದಿತು.