ಒಪೆರಾದ ಕಂಠ, ಹಜಾರದ ಹಾಡು

1817ರ ವಿಯೆನ್ನಾದಲ್ಲಿ ಯೊಹಾನ್ ಮಿಖಾಯೆಲ್ ಫೋಗ್ಲ್ ಎಂದರೆ ಆಸ್ಥಾನ ಒಪೆರಾದ ದೊಡ್ಡ ಹೆಸರು. ಬೆಥೋವನ್ 1814ರಲ್ಲಿ ತನ್ನ ‘ಫಿಡೆಲಿಯೊ’ವನ್ನು ತಿದ್ದಿ ಮತ್ತೆ ರಂಗಕ್ಕೆ ತಂದಾಗ ಖಳ ಪಿಜಾರೊನಾಗಿ ಹಾಡಿದ್ದು ಆತನೇ. ವಯಸ್ಸು ಐವತ್ತರ ಸಮೀಪ. ಫ್ರಾಂಟ್ಸ್ ಶೂಬರ್ಟ್‌ಗೆ ಆಗಿನ್ನೂ ಇಪ್ಪತ್ತು. ತಂದೆಯ ಶಾಲೆಯ ಮೇಷ್ಟರಿಕೆ ಬಿಟ್ಟು ಗೆಳೆಯ ಶೋಬರ್‌ನ ಮನೆ ಸೇರಿದ್ದ. ಅಲ್ಲಿಗೆ ಫೋಗ್ಲ್‌ನನ್ನು ಕರೆತರಲು ಗೆಳೆಯರು ಬಹಳ ಕಾಡಬೇಕಾಯಿತು. ಬಂದವನು ಶೂಬರ್ಟ್‌ನ ಒಂದೆರಡು ಹಾಡುಗಳನ್ನು ಮೆಲುದನಿಯಲ್ಲಿ ಗುನುಗಿ ನೋಡಿದ. ಹೊರಡುವಾಗ ಹುಡುಗನ ಭುಜ ತಟ್ಟಿ, ಸರಕೇನೋ ಇದೆ, ನಟನ ಚಾಲಾಕು ಸಾಲದು, ಒಳ್ಳೆಯ ಕಲ್ಪನೆಗಳನ್ನು ಪೋಲು ಮಾಡುತ್ತಿದ್ದೀಯೆ ಎಂಬರ್ಥದ ಮಾತಾಡಿದನೆಂದು ಗೆಳೆಯ ಷ್ಪೌನ್ ಬರೆದಿಟ್ಟಿದ್ದಾನೆ. ಆಮೇಲೆ ಫೋಗ್ಲ್ ಕರೆಯದೆಯೂ ಬರತೊಡಗಿದ.

ಪಿಯಾನೊ ಜೊತೆ ಹಾಡುವ ‘ಲೀಡ್’ ಆಗ ಮನೆಯ ಹಜಾರದ ಸಂಗೀತ. ಒಪೆರಾದ ಗತ್ತು ಅದಕ್ಕಿರಲಿಲ್ಲ. ಗಯಟೆಯ ಕವಿತೆಗೆ ಶೂಬರ್ಟ್ ಹದಿನೆಂಟರಲ್ಲೇ ರಾಗ ಕಟ್ಟಿದ್ದ ‘ಎರ್ಲ್‌ಕೋನಿಗ್’ ವರ್ಷಗಟ್ಟಲೆ ಅಚ್ಚಾಗದೆ ಉಳಿದಿತ್ತು. 1821ರ ಮಾರ್ಚ್ 7ರಂದು ಕೆರ್ಂಟ್ನರ್‌ಟೋರ್ ರಂಗಮಂದಿರದ ಸಹಾಯಾರ್ಥ ಕಛೇರಿಯಲ್ಲಿ ಫೋಗ್ಲ್ ಅದನ್ನು ಹಾಡಿದ. ಕವಿತೆಯಲ್ಲಿನ ಕುದುರೆಯ ಓಟವನ್ನು ಪಿಯಾನೊದ ಬಲಗೈ ಬಿಡುವಿಲ್ಲದೆ ಬಡಿಯುತ್ತಿರುವಾಗ ನಿರೂಪಕ, ತಂದೆ, ಮಗು, ಮಾಯಾರಾಜ ಈ ನಾಲ್ವರೂ ಒಂದೇ ಗಂಟಲಿನಿಂದ ಬರಬೇಕು. ಇಪ್ಪತ್ತೈದು ವರ್ಷ ವೇಷ ಕಟ್ಟಿದವನಿಗೆ ಹೇಳಿ ಮಾಡಿಸಿದ ಹಾಡು. ಪಿಯಾನೊಗೆ ಕೂತದ್ದು ಗೆಳೆಯ ಹ್ಯೂಟೆನ್‌ಬ್ರೆನರ್. ಶೂಬರ್ಟ್ ಪಕ್ಕದಲ್ಲಿ ಹಾಳೆ ತಿರುವುತ್ತಿದ್ದ. ಸಭೆ ಮತ್ತೊಮ್ಮೆ ಹಾಡಿಸಿತು. ಕೆಲವೇ ವಾರಗಳಲ್ಲಿ, ಗೆಳೆಯರ ದುಡ್ಡಿನಲ್ಲಿ, ಅದು ಶೂಬರ್ಟ್‌ನ ಒಂದನೇ ಕೃತಿಯಾಗಿ ಅಚ್ಚಾಯಿತು.

1825ರ ಬೇಸಿಗೆಯಲ್ಲಿ ಇಬ್ಬರೂ ಫೋಗ್ಲ್‌ನ ಹುಟ್ಟೂರು ಷ್ಟೈರ್‌ಗೆ ಹೋಗಿ, ಅಲ್ಲಿಂದ ಗ್ಮುಂಡೆನ್, ಲಿಂಟ್ಸ್, ಸಾಲ್ಸ್‌ಬರ್ಗ್, ಗಾಸ್ಟೈನ್ ಸುತ್ತಿದರು. ಹೋದಲ್ಲೆಲ್ಲ ಯಾರದೋ ಮನೆಯಲ್ಲಿ ಹಾಡು.

ಫೋಗ್ಲ್ ಬರೆದದ್ದನ್ನು ಬರೆದ ಹಾಗೆ ಹಾಡುವವನಲ್ಲ. ನಮ್ಮ ವಿದ್ವಾಂಸರು ಒಂದು ಸಾಲಿಗೆ ಸಂಗತಿ ಹಾಕುವಂತೆ ಸ್ವರಗಳಿಗೆ ಕುಸುರಿ ಕೂಡಿಸುತ್ತಿದ್ದ, ಶ್ರುತಿ ಬದಲಿಸುತ್ತಿದ್ದ, ಭಾವ ಉಕ್ಕಿದ ಕಡೆ ಮಾತಿನಂತೆಯೇ ಒದರುತ್ತಿದ್ದ. ಶೂಬರ್ಟ್‌ಗೆ ಬಿಗಿಯಾದ ಲಯವೇ ಬೇಕಿತ್ತು, ನಾಟಕೀಯತೆ ಹಿಡಿಸುತ್ತಿರಲಿಲ್ಲ ಎಂದು ಅವನನ್ನು ಬಲ್ಲ ಸೊನ್‌ಲೈಟ್ನರ್ ಸಾಕ್ಷಿ ನುಡಿದಿದ್ದಾನೆ. ಆದರೆ 1825ರ ಆ ಪ್ರವಾಸದಲ್ಲಿ ಅಣ್ಣ ಫರ್ಡಿನಾಂಡ್‌ಗೆ ಬರೆದ ಕಾಗದದಲ್ಲಿ, ಫೋಗ್ಲ್ ಹಾಡುವಾಗ ಮತ್ತು ತಾನು ಬಾರಿಸುವಾಗ ಇಬ್ಬರೂ ಒಂದೇ ಜೀವವಾದಂತೆ ಕಾಣುವುದನ್ನು ಜನ ಹೊಸದೆಂದು ಬೆರಗಾಗುತ್ತಾರೆ ಎಂದು ಶೂಬರ್ಟ್ ಹಿಗ್ಗಿನಿಂದ ಹೇಳಿಕೊಂಡಿದ್ದಾನೆ. ಜೊತೆಗೂಡಿದ ಹಿಗ್ಗು ಆ ಕಾಗದದಲ್ಲಿದೆ. ಫೋಗ್ಲ್‌ನ ಕುಸುರಿಯನ್ನೂ ಶೂಬರ್ಟ್ ಒಪ್ಪಿದ್ದನೇ ಎಂಬುದು ಅದರಿಂದ ತಿಳಿಯದು.

1828ರ ಮಾರ್ಚ್ 26ರಂದು ತನ್ನ ರಚನೆಗಳದ್ದೇ ಕಛೇರಿಯನ್ನು ಶೂಬರ್ಟ್ ಏರ್ಪಡಿಸಿದಾಗಲೂ ಹಾಡಿದ್ದು ಅರವತ್ತರ ಹೊಸ್ತಿಲಲ್ಲಿದ್ದ ಫೋಗ್ಲ್. ಆ ನವೆಂಬರ್‌ನಲ್ಲಿ ಶೂಬರ್ಟ್ ತೀರಿಕೊಂಡ. ಎರಡು ವರ್ಷ ಕಳೆದು ಪ್ರಕಾಶಕ ಡಿಯಾಬೆಲ್ಲಿ ‘ಡೀ ಷ್ಯೋನೆ ಮ್ಯುಲೆರಿನ್’ ಹಾಡುಗುಚ್ಛವನ್ನು ಮರುಮುದ್ರಿಸಿದಾಗ ಫೋಗ್ಲ್‌ನ ಕುಸುರಿ ಮೂಲದ ಸ್ವರಗಳೊಳಗೇ ಸೇರಿಹೋಗಿತ್ತು. ಮುಂದಿನ ಎಷ್ಟೋ ಗಾಯಕರು ಅದನ್ನೇ ಶೂಬರ್ಟ್ ಎಂದು ಕಲಿತು ಹಾಡಿದರು.